ಪ್ರಯೋಗಶಾಲೆಯೂ ಕುಲುಮೆಯೂ

ಮುಂಗಾರಿನಲ್ಲಿ ಬಿತ್ತನೆಯ ಹದವು ಕೆಲವೇ ದಿನಗಳ ಮಾತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆ ದಿನಗಳಲ್ಲಿ ಕೂರಿಗೆಯ ಬೀಜದ ಕೊಳವೆ ಕಟ್ಟಿಕೊಂಡರೆ, ಅಥವಾ ರೋಟವೇಟರಿನ ಅಲಗು ಮುರಿದರೆ, ರೈತನು ತೆರುವುದು ಆ ಬಿಡಿಭಾಗದ ಬೆಲೆಯನ್ನಷ್ಟೇ ಅಲ್ಲ. ತಪ್ಪಿಹೋದ ಹದದ ಬೆಲೆಯನ್ನೂ ತೆರುತ್ತಾನೆ. ಸಾಲಮಾಡಿ ಯಂತ್ರವನ್ನು ಕೊಂಡವನಾದರೆ, ಯಂತ್ರವು ಕೊಟ್ಟಿಗೆಯಲ್ಲಿ ಬಿದ್ದಿದ್ದರೂ ಬಡ್ಡಿಯು ಬೆಳೆಯುತ್ತಲೇ ಇರುವುದು. ಆದುದರಿಂದ ಉಪಕರಣಗಳನ್ನು ತಯಾರಿಸುವವರ ವಿದ್ಯೆಯು ಎಂತಹದು, ಅದನ್ನು ಉತ್ತಮಪಡಿಸುವ ಬಗೆ ಹೇಗೆ ಎಂಬ ವಿಚಾರವು ಪಟ್ಟಣದ ಕಾರ್ಖಾನೆಯವರಿಗೆ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರುವುದು ತಕ್ಕುದಲ್ಲ.

ಟ್ರ್ಯಾಕ್ಟರುಗಳನ್ನು ತಯಾರಿಸುವ ದೊಡ್ಡ ಕಂಪನಿಗಳಿಗೆ ಸ್ವಂತ ಪ್ರಯೋಗಶಾಲೆಗಳುಂಟು. ಆದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ನೇಗಿಲು, ಕುಂಟೆ, ಕೂರಿಗೆ ಮುಂತಾದುವೂ ಒಕ್ಕಣೆಯ ಯಂತ್ರಗಳೂ ಅನೇಕವು ಹತ್ತಿಪ್ಪತ್ತು ಮಂದಿ ದುಡಿಯುವ ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಅಲ್ಲಿನವರು ಕೈಗೆಲಸದಲ್ಲಿ ನಿಪುಣರು; ನಮ್ಮ ಮಣ್ಣನ್ನೂ ನಮ್ಮ ಮಾತನ್ನೂ ಬಲ್ಲವರು; ಬೆಳಿಗ್ಗೆ ಕೆಟ್ಟ ಭಾಗವನ್ನು ಸಂಜೆಯೊಳಗೆ ಸರಿಮಾಡಿಕೊಡಬಲ್ಲವರು. ಅವರಿಗೆ ಇಲ್ಲದಿರುವುದು ಪರೀಕ್ಷೆಯ ಸಾಧನಗಳು ಮಾತ್ರ.

ರೋಟವೇಟರಿನ ಅಲಗನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಮೆತ್ತನೆಯ ಉಕ್ಕು ಗರಸು ಭೂಮಿಯಲ್ಲಿ ಬೇಗನೆ ಸವೆದುಹೋಗುವುದು. ಮಿತಿಮೀರಿ ಗಡುಸಾದದ್ದು ಕಲ್ಲು ತಗುಲಿದೊಡನೆ ಮುರಿಯುವುದು. ಸವೆತವನ್ನೂ ಪೆಟ್ಟನ್ನೂ ತಾಳಿಕೊಳ್ಳಬೇಕೆಂದು ಒಳ್ಳೆಯ ಅಲಗುಗಳಿಗೆ ಬೋರಾನ್ ಎಂಬ ಮೂಲವಸ್ತುವು ಬೆರೆತ ಉಕ್ಕನ್ನು ಉಪಯೋಗಿಸುವುದುಂಟು. ಈ ಬೆರಕೆಯು ಲಕ್ಷ ಭಾಗ ಉಕ್ಕಿಗೆ ಒಂದರಿಂದ ಐದು ಭಾಗ ಮಾತ್ರ. ಅಂತಹ ಉಕ್ಕನ್ನು 850 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿ, ತಟ್ಟನೆ ತಣಿಸಿ, ಪುನಃ ಕಡಿಮೆ ಕಾವಿನಲ್ಲಿ ಕಾಸಿ ಹದಗೊಳಿಸಬೇಕು. ಕೆಂಡದ ಬಣ್ಣವನ್ನು ನೋಡಿ ಕಾವನ್ನು ಅಳೆಯುವ ಕಮ್ಮಾರನ ವಿದ್ಯೆಯು ಹಗುರವಾದುದಲ್ಲ. ಆದರೆ ಲಕ್ಷಕ್ಕೆ ಮೂರು ಭಾಗದ ಬೆರಕೆಯನ್ನು ಯಾರ ಕಣ್ಣೂ ಕಾಣಲಾರದು. ವರ್ತಕನು ಕೊಟ್ಟ ಉಕ್ಕು ಹೇಳಿದ ಜಾತಿಯದೇ ಅಲ್ಲವೇ, ಕಾವು ಸಮನಾಗಿ ಹತ್ತಿತೇ ಇಲ್ಲವೇ ಎಂಬುದನ್ನು ನಿರ್ಣಯಿಸಲು ಪ್ರಯೋಗಶಾಲೆಯೇ ಬೇಕು. ಇಂತಹ ಪ್ರಯೋಗಶಾಲೆಯನ್ನು ಒಬ್ಬೊಬ್ಬ ಸಣ್ಣ ತಯಾರಕನೂ ಕಟ್ಟಿಕೊಳ್ಳಲಾರನು. ಎಲ್ಲರಿಗೂ ಸೇರಿ ಒಂದು ಇರಬಹುದು. ಅನ್ವಯಿಕ ಸಂಶೋಧನಾ ಕೇಂದ್ರಗಳ ಉದ್ದೇಶವು ಇದೇ.

ಇಂತಹ ಕೇಂದ್ರದಿಂದ ಏನು ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ಉದಾಹರಣೆಯುಂಟು. ನಮ್ಮ ಕಾರ್ಖಾನೆಗಳು ವಿದೇಶೀ ಕಂಪನಿಗಳ ನಕ್ಷೆಗಳನ್ನು ತಂದು ಟ್ರ್ಯಾಕ್ಟರು ಮಾಡುತ್ತಿದ್ದ ಕಾಲದಲ್ಲಿ, 1965ರಲ್ಲಿ, ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ದೇಶೀಯ ಟ್ರ್ಯಾಕ್ಟರಿನ ವಿನ್ಯಾಸಕ್ಕೆ ಕೈಹಾಕಿದರು. 1970ರಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಎಂಬ ಕಂಪನಿಯು ಸ್ಥಾಪಿತವಾಯಿತು. 1974ರಲ್ಲಿ ‘ಸ್ವರಾಜ್ 724’ ಎಂಬ ಟ್ರ್ಯಾಕ್ಟರು ಮಾರುಕಟ್ಟೆಗೆ ಬಂದಿತು. 2007ರಲ್ಲಿ ಆ ಕಂಪನಿಯು ಮಹೀಂದ್ರದವರ ಕೈಸೇರಿದರೂ ಸ್ವರಾಜ್ ಎಂಬ ಹೆಸರು ಉಳಿದುಕೊಂಡು, ಇಂದಿಗೂ ನಮ್ಮ ಹೊಲಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ವಿನ್ಯಾಸದಲ್ಲಿ ದುಡಿದ ಚಂದ್ರಮೋಹನರೂ ಅವರ ಸಂಗಡಿಗರಲ್ಲಿ ಕೆಲವರೂ ಪ್ರಯೋಗಶಾಲೆಯನ್ನು ಬಿಟ್ಟು ತಾವೇ ಆ ಕಾರ್ಖಾನೆಗೆ ಹೋಗಿ ನಿಂತರು. ಕಾಗದದ ಮೇಲಿನ ನಕ್ಷೆಯು ತಾನಾಗಿ ನಡೆದು ಹೊಲವನ್ನು ಸೇರುವುದಿಲ್ಲ. ಅದನ್ನು ಬಲ್ಲವರು ಜೊತೆಯಲ್ಲಿ ನಡೆಯಬೇಕು.

ನಮ್ಮ ರಾಜ್ಯವು ಈ ವಿಷಯದಲ್ಲಿ ಬಡವಾಗಿಲ್ಲ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪಿತವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆಯು ಈಗ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರಿನಿಂದ ಯಂತ್ರತಯಾರಕರಿಗೆ ವಿನ್ಯಾಸ, ಅಳತೆ, ಪರೀಕ್ಷೆ, ತರಬೇತಿಗಳಲ್ಲಿ ನೆರವಾಗುತ್ತಿದೆ. ರಾಯಚೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕೃಷಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಷ್ಟಿದ್ದರೂ ಕೇಂದ್ರಗಳಲ್ಲಿ ಅಂದವಾದ ಮಾದರಿಗಳು ತಯಾರಾಗಿ, ಪ್ರದರ್ಶನಗಳಲ್ಲಿ ಹೊಗಳಿಕೆ ಪಡೆದು, ಕಡೆಗೆ ಉಗ್ರಾಣವನ್ನು ಸೇರುವುದುಂಟೆಂಬ ದೂರನ್ನು ನಾವು ಕೇಳುತ್ತೇವೆ. ಈ ದೂರು ಆಧಾರವಿಲ್ಲದ್ದೆಂದು ನಾನು ಹೇಳಲಾರೆನು. ತಯಾರಕನಿಗೆ ಪರೀಕ್ಷೆಯ ಶುಲ್ಕದ ಭಯ. ತನ್ನ ಕೈಚಳಕವನ್ನು ಇತರರು ನಕಲುಮಾಡುವರೆಂಬ ಶಂಕೆ. ಕಚೇರಿಯ ಭಾಷೆಯ ಅಂಜಿಕೆ. ಕೇಂದ್ರದವರಾದರೋ ಅವನೇ ಬಂದು ಕೇಳಲೆಂದು ಕಾದಿರುತ್ತಾರೆ. ನಡುವೆ ನಷ್ಟಪಡುವವನು ರೈತನು.

ಜರ್ಮನಿಯಲ್ಲಿ 1949ರಲ್ಲಿ ಮ್ಯೂನಿಕ್ ನಗರದಲ್ಲಿ ಆರಂಭವಾದ ಫ್ರಾನ್‌ಹೋಫರ್ ಸಂಸ್ಥೆಯವರು ತಮ್ಮ ಸಂಶೋಧನೆಯ ವೆಚ್ಚದ ಹೆಚ್ಚು ಪಾಲನ್ನು ಕೈಗಾರಿಕೆಗಳೂ ಸರಕಾರವೂ ಒಪ್ಪಂದದ ಮೇಲೆ ವಹಿಸಿಕೊಟ್ಟ ಕೆಲಸಗಳಿಂದಲೇ ಸಂಪಾದಿಸಬೇಕು. ಅದರಿಂದ ತಯಾರಕನ ಕಷ್ಟವನ್ನು ಕೇಳದೆ ಅವರಿಗೆ ಗತ್ಯಂತರವಿಲ್ಲ. ಆ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ನಮ್ಮ ಸಣ್ಣ ತಯಾರಕನು ಅಷ್ಟು ಹಣವನ್ನು ತೆರಲಾರನು. ಆದರೆ ಅದರ ತಿರುಳನ್ನು ನಾವು ಗ್ರಹಿಸಬಹುದು. ಕೇಂದ್ರದ ಯೋಗ್ಯತೆಯನ್ನು ಅದು ರಚಿಸಿದ ಮಾದರಿಗಳ ಸಂಖ್ಯೆಯಿಂದ ಅಳೆಯದೆ, ಅದರ ನೆರವಿನಿಂದ ಎಷ್ಟು ಸಣ್ಣ ಕಾರ್ಖಾನೆಗಳ ಸರಕು ಉತ್ತಮವಾಯಿತೆಂಬುದರಿಂದ ಅಳೆಯತಕ್ಕದ್ದು. ಕೇಂದ್ರದ ತಜ್ಞರು ವರ್ಷಕ್ಕೆ ಕೆಲವು ವಾರಗಳನ್ನಾದರೂ ಜಿಲ್ಲೆಯ ಕಾರ್ಖಾನೆಗಳಲ್ಲಿಯೇ ಕಳೆಯತಕ್ಕದ್ದು.

ಗ್ರಾಮದ ಯಜಮಾನರೂ ಭೂಹಿಡುವಳಿದಾರರೂ ಇದರಲ್ಲಿ ಮಾಡಬಹುದಾದ ಕೆಲಸವು ಸಣ್ಣದಲ್ಲ. ಮೊದಲನೆಯದಾಗಿ, ಬೆಲೆಯುಳ್ಳ ಯಂತ್ರವನ್ನು ಕೊಳ್ಳುವಾಗ ಬಣ್ಣವನ್ನೂ ಸಹಾಯಧನದ ಮೊತ್ತವನ್ನೂ ಮಾತ್ರ ನೋಡದೆ, ಪರೀಕ್ಷಾ ವರದಿಯನ್ನು ಕೇಳಿ ಓದಿಸಿ ನೋಡಬೇಕು. ಮಧ್ಯಪ್ರದೇಶದ ಬುಧನಿ, ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆ ಮುಂತಾದ ಕಡೆಗಳಲ್ಲಿ ಸರಕಾರದ ಪರೀಕ್ಷಾ ಸಂಸ್ಥೆಗಳಿರುವುದು ಇದಕ್ಕಾಗಿಯೇ. ಕೇಳುವವರಿದ್ದರೆ ತಯಾರಕನು ತಾನಾಗಿಯೇ ಪರೀಕ್ಷೆಗೆ ಹೋಗುವನು.

ಎರಡನೆಯದಾಗಿ, ಉಪಕರಣವು ಮುರಿದಾಗ ಬೈದು ಸುಮ್ಮನಾಗದೆ, ಯಾವ ಭಾಗ ಮುರಿಯಿತು, ಎಷ್ಟು ಗಂಟೆ ದುಡಿದ ಮೇಲೆ, ಕಪ್ಪು ಭೂಮಿಯಲ್ಲಿಯೋ ಕೆಂಪು ಭೂಮಿಯಲ್ಲಿಯೋ, ತೇವವೆಷ್ಟಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಒಂದೇ ಯಂತ್ರವು ಹಲವರ ಹೊಲಗಳಲ್ಲಿ ದುಡಿಯುವುದರಿಂದ ಅಲ್ಲಿ ಇಂತಹ ಲೆಕ್ಕವನ್ನಿಡುವುದು ಸುಲಭ. ಮುರಿದ ಅಲಗನ್ನು ಎಸೆಯದೆ ಆ ಪುಸ್ತಕದೊಡನೆ ಕೇಂದ್ರಕ್ಕೆ ಕಳುಹಿಸಿದರೆ, ಅದು ಹತ್ತು ಅರ್ಜಿಗಳಿಗಿಂತ ಹೆಚ್ಚಿನದನ್ನು ಹೇಳುವುದು.

ಮೂರನೆಯದಾಗಿ, ಅನುಕೂಲವುಳ್ಳವರು ಒಂದೆರಡು ಎಕರೆಯನ್ನು ಪ್ರಯೋಗಕ್ಕೆ ಬಿಟ್ಟುಕೊಡಬೇಕು. ಎರಡು ಎಕರೆಯ ಒಡೆಯನು ಹೊಸ ಯಂತ್ರದ ಪರೀಕ್ಷೆಗೆ ತನ್ನ ವರ್ಷದ ಅನ್ನವನ್ನು ಪಣವಾಗಿಡಲಾರನು. ಇಪ್ಪತ್ತು ಎಕರೆಯವನು ಒಂದು ಮೂಲೆಯನ್ನು ಕೊಡಬಲ್ಲನು. ಅಲ್ಲಿ ಕಂಡ ದೋಷವು ಅಲ್ಲಿಯೇ ತಿದ್ದಲ್ಪಟ್ಟರೆ ಬಡವನ ಸಾಲವು ಉಳಿಯುವುದು.

ಪ್ರಯೋಗಶಾಲೆಗೆ ಅಳತೆ ಗೊತ್ತು, ಕುಲುಮೆಗೆ ಕೈಕೆಲಸ ಗೊತ್ತು, ಹೊಲಕ್ಕೆ ಕಷ್ಟ ಗೊತ್ತು. ಈ ಮೂರನ್ನೂ ಒಂದೆಡೆ ಕೂಡಿಸಬಲ್ಲವರು ಊರಿನಲ್ಲಿ ಮಾತು ನಡೆಯುವ ದೊಡ್ಡವರೇ ಆಗಿರುವುದರಿಂದ, ಬರುವ ಮುಂಗಾರಿಗೆ ಮುಂಚೆಯೇ ತಮ್ಮ ತಾಲ್ಲೂಕಿನ ಉಪಕರಣ ತಯಾರಕರನ್ನೂ ಇಲಾಖೆಯ ಅಧಿಕಾರಿಗಳನ್ನೂ ಒಂದು ದಿನ ತಮ್ಮ ಹೊಲದ ಬದುವಿಗೆ ಕರೆಸಿಕೊಳ್ಳಬೇಕೆಂದು ಅವರಲ್ಲಿ ನನ್ನ ವಿಜ್ಞಾಪನೆ.