ಕೆರೆಗೂ ಕೊಳವೆಬಾವಿಗೂ ಒಂದೇ ಲೆಕ್ಕವಿರಲಿ

ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗಾವಣೆಯಾದ ಹಣವನ್ನು ಎರಡೂ ಕಡೆ ಜಮಾ ತೋರಿಸಿದರೆ ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಇದು ಬಹುಕಾಲದಿಂದ ನಡೆದುಬಂದಿದೆ. ಕೆರೆಯಿಂದ ಇಂಗಿದ ನೀರು ಕೆರೆಯ ಲೆಕ್ಕದಲ್ಲಿಯೂ ಇರುತ್ತದೆ, ಅಂತರ್ಜಲದ ಲೆಕ್ಕದಲ್ಲಿಯೂ ಇರುತ್ತದೆ.

ಇದರ ಪರಿಣಾಮಕ್ಕೆ ಅರ್ಕಾವತಿಯೇ ನಿದರ್ಶನ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಯ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳನ್ನೇ, 1970ರ ದಶಕದಲ್ಲಿ ಕಾವೇರಿ ನೀರು ಬರುವವರೆಗೆ, ಬೆಂಗಳೂರು ಬಹುಮಟ್ಟಿಗೆ ನೆಚ್ಚಿತ್ತು. ಮುಂದಿನ ದಶಕಗಳಲ್ಲಿ ಒಳಹರಿವು ತೀವ್ರವಾಗಿ ಕುಗ್ಗಿತು. ಇದಕ್ಕೆ ಮಳೆಯ ಕೊರತೆಗಿಂತ ಕೊಳವೆಬಾವಿಗಳ ಮಿತಿಮೀರಿದ ಬಳಕೆ ಹಾಗೂ ನೀಲಗಿರಿ ತೋಪುಗಳೇ ಮುಖ್ಯ ಕಾರಣವೆಂದು ಅಧ್ಯಯನಗಳು ಬೊಟ್ಟುಮಾಡಿವೆ.

ಎರಡು ಲೆಕ್ಕಗಳನ್ನು ಒಂದಾಗಿಸುವ ಸಾಧನವೇ ಸಂಖ್ಯಾತ್ಮಕ ಮಾದರಿ. ಇದರಲ್ಲಿ ಜಲಾನಯನ ಪ್ರದೇಶವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ದಿನದಿನದ ಆಯ, ವ್ಯಯ, ಶಿಲ್ಕುಗಳನ್ನು ಬರೆಯಲಾಗುತ್ತದೆ. ಕೆರೆಗೂ ಅಂತರ್ಜಲಕ್ಕೂ ನಡುವಣ ವಿನಿಮಯವು ಎರಡರ ಮಟ್ಟಗಳ ಅಂತರವನ್ನೂ ಕೆರೆಯಂಗಳ ನೀರು ಬಿಡುವ ಗುಣವನ್ನೂ ಅವಲಂಬಿಸಿದೆ. ಒಂದರ ಮಟ್ಟ ತಿಳಿಯದೆ ಇನ್ನೊಂದರದು ತಿಳಿಯದಾದ್ದರಿಂದ, ಎರಡೂ ತಾಳೆಯಾಗುವವರೆಗೆ ಗಣಕಯಂತ್ರವು ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತದೆ. ಅಂತರ್ಜಲವು ನದಿಪಾತ್ರದ ಮಟ್ಟಕ್ಕೆ ಮರಳಿ ಏರುವ ತನಕ ಬೇಸಿಗೆಯಲ್ಲಿ ಹರಿವು ಇರದೆಂಬುದು ಇಂತಹ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಒಂದು ವರ್ಷದ ಒಳ್ಳೆಯ ಮಳೆಯಿಂದ ನದಿ ಮರುಜೀವ ಪಡೆಯದಿರುವುದು ಈ ಕಾರಣದಿಂದ.

ತಂತ್ರಾಂಶಕ್ಕೆ ಕೊರತೆಯಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1984ರಲ್ಲಿ ಹೊರತಂದ ಮಾಡ್‌ಫ್ಲೋ ಹಾಗೂ ಮೇಲ್ಮೈ ಹರಿವನ್ನೂ ಅದಕ್ಕೆ ಜೋಡಿಸಿ 2008ರಲ್ಲಿ ನೀಡಿದ ಜಿಎಸ್‌ಫ್ಲೋ ಉಚಿತವಾಗಿ ದೊರೆಯುತ್ತವೆ. ಕೊರತೆಯಿರುವುದು ಅಂಕಿ ಅಂಶಗಳಿಗೆ. ಈ ಭಾಗದ ಗಟ್ಟಿ ಶಿಲೆಯಲ್ಲಿ ನೀರು ಬಿರುಕುಗಳಲ್ಲಿ ಹರಿಯುತ್ತದೆ. ಒಂದು ಬಾವಿ ತುಂಬಿದ್ದರೂ ಪಕ್ಕದ್ದು ಬತ್ತಿರಬಹುದು. ಆದ್ದರಿಂದ ಸ್ಥಳೀಯ ಅಳತೆಗಳಿಲ್ಲದ ಮಾದರಿಯು ಕೇವಲ ಊಹೆಯಾದೀತು.

ಆ ಅಳತೆಗಳನ್ನು ಒದಗಿಸಲು ಉದ್ಯಮಿಗಳಿಗೆ ಸಾಧ್ಯವಿದೆ. ಬಾವಿಯ ಆಳ, ತಿಂಗಳ ನೀರಿನ ಮಟ್ಟ, ಎತ್ತಿದ ಪ್ರಮಾಣ, ಇಷ್ಟೇ ಸಾಕು. ಮಾಹಿತಿ ನೀಡಿದರೆ ಶುಲ್ಕ, ಪರವಾನಗಿಗಳ ತೊಡಕು ಬಂದೀತೆಂಬ ಅಂಜಿಕೆ ಅಸಹಜವಲ್ಲ. ಘಟಕಗಳ ಹೆಸರನ್ನು ಗುಪ್ತವಾಗಿಟ್ಟು ಉದ್ಯಮ ಸಂಘಗಳೇ ಅದನ್ನು ಕ್ರೋಡೀಕರಿಸಿದರೆ ಆ ಅಂಜಿಕೆ ನಿವಾರಣೆಯಾದೀತು. ಹೊಸ ಕೈಗಾರಿಕಾ ಪ್ರದೇಶಕ್ಕೆ ನಿವೇಶನ ಹಂಚುವ ಮುನ್ನ ಸರ್ಕಾರವು ಇಂತಹ ಜಂಟಿ ಲೆಕ್ಕವನ್ನು ಪ್ರಕಟಿಸಬೇಕೆಂದು ಸಂಘಗಳು ಒತ್ತಾಯಿಸುವುದೂ ಅಗತ್ಯ. ಇಲ್ಲದ ನೀರನ್ನು ನಂಬಿ ಯಂತ್ರಗಳಿಗೆ ಬಂಡವಾಳ ಹೂಡಿದ ಸಣ್ಣ ಉದ್ಯಮಿಗೆ ಕೊನೆಗೆ ಉಳಿಯುವುದು ಟ್ಯಾಂಕರ್ ಬಿಲ್ಲು ಮತ್ತು ಬ್ಯಾಂಕಿನ ಕಂತು ಮಾತ್ರ.