ಲೈನು ಬಂತು, ಬ್ರಾಡ್‌ಬ್ಯಾಂಡ್ ಬರುತ್ತೋ ಇಲ್ಲವೋ?

ಮೈಸೂರಿನ ರಿಂಗ್ ರಸ್ತೆಯ ಆಸುಪಾಸಿನಲ್ಲಿ ಹೊಸದಾಗಿ ಮನೆ ಕಟ್ಟಿದವರ ತಾಪತ್ರಯದ ಪಟ್ಟಿಗೆ ಇನ್ನೊಂದು ಸೇರಿದೆ. ಮೊದಲು ಕುಡಿಯುವ ನೀರು, ಆಮೇಲೆ ಒಳಚರಂಡಿ, ಅದಾದ ಮೇಲೆ ಬೀದಿ ದೀಪ. ಎಲ್ಲ ಒಂದು ದಡ ಮುಟ್ಟಿತು, ಗೃಹಪ್ರವೇಶವೂ ಆಯಿತು ಎನ್ನುವ ಹೊತ್ತಿಗೆ ಮಕ್ಕಳು ಕೇಳುತ್ತಾರೆ: "ಅಪ್ಪಾ, ಈ ಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಾ?"

ಪ್ರಶ್ನೆ ಒಂದೇ ಸಾಲಿನದು. ಉತ್ತರ ಹುಡುಕಲು ಹೊರಟವರ ಚಪ್ಪಲಿ ಮಾತ್ರ ಸವೆಯುತ್ತಿದೆ.

ಕತೆ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಮನೆಯವರು ಯಾವುದೋ ಒಂದು ಕಂಪನಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಒಂದು ಹೆಣ್ಣು ದನಿ, "ಪಿನ್ ಕೋಡ್ ಹೇಳಿ ಸಾರ್" ಎನ್ನುತ್ತದೆ. ಹೇಳುತ್ತಾರೆ. "ನಿಮ್ಮ ಏರಿಯಾದಲ್ಲಿ ನಮ್ಮ ಸರ್ವೀಸ್ ಇದೆ ಸಾರ್, ಇವತ್ತೇ ಬುಕ್ ಮಾಡಿ" ಎಂಬ ಮಾತು ಬರುತ್ತದೆ. ಹಣ ಕಟ್ಟಿದ್ದಾಯಿತು. ಐದಾರು ದಿನ ಬಿಟ್ಟು ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ. ಮನೆ ನೋಡುವುದಿಲ್ಲ, ಕಂಬ ನೋಡುತ್ತಾನೆ. "ಕೇಬಲ್ ಆ ಕಾರ್ನರ್‌ವರೆಗೆ ಮಾತ್ರ ಬಂದಿದೆ ಸಾರ್. ನಿಮ್ಮ ಕ್ರಾಸಿಗೆ ಫೀಸಿಬಲ್ ಇಲ್ಲ" ಎಂದು ಹೇಳಿ ಹೊರಟೇ ಹೋಗುತ್ತಾನೆ. ಯಾವಾಗ ಬರುತ್ತದೆ ಎಂದರೆ ಮೇಲಿನವರನ್ನು ಕೇಳಿ ಎನ್ನುತ್ತಾನೆ. ಮೇಲಿನವರನ್ನು ಕೇಳಿದರೆ, ಸ್ಥಳಕ್ಕೆ ಹೋದವರು ರಿಪೋರ್ಟ್ ಕೊಡಬೇಕು ಎನ್ನುತ್ತಾರೆ. ಕಟ್ಟಿದ ಹಣ ಮಧ್ಯದಲ್ಲಿ ಎಲ್ಲೋ ಕೂತಿರುತ್ತದೆ.

ಇದರಲ್ಲಿ ತಪ್ಪು ಯಾರದು? ಆ ದನಿಯದೂ ಅಲ್ಲ, ಬೈಕಿನ ಹುಡುಗನದೂ ಅಲ್ಲ. ತಪ್ಪು ಲೆಕ್ಕದ್ದು.

ಪಿನ್ ಕೋಡು ಯಾರಿಗಾಗಿ?

ಪಿನ್ ಕೋಡ್ ಪದ್ಧತಿ 1972ರ ಆಗಸ್ಟ್ 15ರಂದು ಬಂದದ್ದು, ಅದೂ ಅಂಚೆಯಣ್ಣನ ಅನುಕೂಲಕ್ಕೆ. ಯಾವ ಕಾಗದ ಯಾವ ಅಂಚೆ ಕಚೇರಿಗೆ ಹೋಗಬೇಕು ಎಂದು ಅದು ಹೇಳುತ್ತದೆ. ಯಾವ ಕಂಬದ ಮೇಲೆ ಯಾವ ಕೇಬಲ್ ಇದೆ ಎಂದು ಹೇಳುವುದಿಲ್ಲ. 570023 ಎಂದರೆ ಕುವೆಂಪುನಗರ ಎಂದು ಗೊತ್ತಾದೀತು. ಅಲ್ಲಿನ ಎಷ್ಟನೇ ಕ್ರಾಸಿನ ಎಷ್ಟನೇ ಕಂಬದವರೆಗೆ ಲೈನು ಬಂದಿದೆ ಎಂದು ಆ ಆರು ಅಂಕಿಗಳಿಂದ ತಿಳಿಯುವುದು ಹೇಗೆ? ಒಂದು ಪಿನ್ ಕೋಡಿನೊಳಗೆ ಸಾವಿರಾರು ಮನೆ. ಅದರಲ್ಲಿ ಒಂದು ಬೀದಿಗೆ ಲೈನು ಬಂದರೂ "ನಿಮ್ಮ ಏರಿಯಾದಲ್ಲಿ ಇದೆ" ಎಂಬ ಮಾತು ಸುಳ್ಳಾಗುವುದಿಲ್ಲ. ಹಣ ಕಟ್ಟಿದವನ ಪಾಲಿಗೆ ಅದು ನಿಜವೂ ಆಗುವುದಿಲ್ಲ.

ಹಳೇ ತಂತಿಯ ಸಂಗತಿ

ಹಳೇ ಬಡಾವಣೆಗಳ ಮನೆಗಳಲ್ಲಿ ತಾಮ್ರದ ತಂತಿಯ ಫೋನು ಇದ್ದವರಿಗೆ ಈ ಪಾಡು ಹೊಸದಲ್ಲ. ಕೇಂದ್ರ ಸರ್ಕಾರ 2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ತಂದಿತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. 'ಡೇಟಾ ಒನ್' ಎಂಬ ಹೆಸರಿನಲ್ಲಿ ಸೇವೆ ಶುರು ಮಾಡಿತು. ಮಾತಾಡುವ ಅದೇ ತಂತಿಯ ಮೇಲೆ ಇಂಟರ್ನೆಟ್ಟೂ ಬರುತ್ತದೆ ಎಂದಾಗ ಜನ ಮೂಗಿನ ಮೇಲೆ ಬೆರಳಿಟ್ಟರು. ವಿಷಯ ಸರಳ. ಮಾತಿಗೆ ಬೇಕಾದದ್ದು ತಂತಿಯ ಸಾಮರ್ಥ್ಯದಲ್ಲಿ ಚೂರು ಮಾತ್ರ. ಉಳಿದದ್ದರ ಮೇಲೆ ಇಂಟರ್ನೆಟ್ಟು ಹರಿಸಿ, ಮನೆಯಲ್ಲಿ ಒಂದು ಪುಟ್ಟ ಡಬ್ಬಿಯಿಂದ ಎರಡನ್ನೂ ಬೇರೆ ಮಾಡುತ್ತಿದ್ದರು.

ಆದರೆ ಫೋನು ಬಂದ ಮನೆಗೆಲ್ಲ ಬ್ರಾಡ್‌ಬ್ಯಾಂಡ್ ಬರಲಿಲ್ಲ. ಕಾರಣ ಮೂರು. ಒಂದು, ದೂರ. ಎಕ್ಸ್‌ಚೇಂಜಿನಿಂದ ಒಂದೆರಡು ಕಿಲೋಮೀಟರಿನೊಳಗೆ ವೇಗ ಚೆನ್ನಾಗಿ ಸಿಗುತ್ತಿತ್ತು. ನಾಲ್ಕೈದು ಕಿಲೋಮೀಟರ್ ದಾಟಿದರೆ ಸಿಗ್ನಲ್ಲು ಏದುಸಿರು ಬಿಡುತ್ತಿತ್ತು. ಈ ದೂರ ಕಾಗೆ ಹಾರುವ ದೂರವಲ್ಲ, ಬೀದಿ ಬೀದಿ ಸುತ್ತಿ ಬರುವ ತಂತಿಯ ದೂರ. ಎರಡು, ಎಕ್ಸ್‌ಚೇಂಜಿನಲ್ಲಿ ಬ್ರಾಡ್‌ಬ್ಯಾಂಡ್ ಯಂತ್ರದ ತೂತುಗಳು, ಅಂದರೆ ಪೋರ್ಟುಗಳು, ಲೆಕ್ಕದಷ್ಟು ಮಾತ್ರ. ಅವು ಭರ್ತಿಯಾದರೆ ಪಕ್ಕದ ಮನೆಗೆ ಇದ್ದು ಈ ಮನೆಗೆ ಇಲ್ಲ. ಮೂರು, ತಂತಿಯ ಆರೋಗ್ಯ. ಹತ್ತು ಕಡೆ ಗಂಟು ಹಾಕಿದ, ಮಳೆ ನೀರು ಕುಡಿದ ತಂತಿಯಲ್ಲಿ ಮಾತು ಹೇಗೋ ಕೇಳಿಸೀತು, ಇಂಟರ್ನೆಟ್ಟು ನಿಲ್ಲುವುದಿಲ್ಲ.

ಹಾಗಾಗಿ ಹೊಸ ಫೋನಿಗೆ ಅರ್ಜಿ ಹಾಕುವಾಗ "ಇದಕ್ಕೆ ಬ್ರಾಡ್‌ಬ್ಯಾಂಡ್ ಬರುತ್ತಾ?" ಎಂದು ಕೇಳಿದರೆ "ಮೊದಲು ಲೈನು ಬರಲಿ, ನಂಬರ್ ಆಗಲಿ, ಆಮೇಲೆ ಟೆಸ್ಟ್ ಮಾಡೋಣ" ಎಂಬ ಉತ್ತರವೇ ಗತಿ. ಹುಡುಗಿಯನ್ನು ಮದುವೆಯಾದ ಮೇಲೆ ಜಾತಕ ನೋಡಿಸುವ ಹಾಗೆ!

ಗಾಜಿನೆಳೆ ಬಂತು, ಪ್ರಶ್ನೆ ಹೋಗಲಿಲ್ಲ

ಈಗ ತಾಮ್ರ ಹಿಂದೆ ಸರಿದು ಆಪ್ಟಿಕಲ್ ಫೈಬರ್ ಮುಂದೆ ಬಂದಿದೆ. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದೆ. ಇಪ್ಪತ್ತು ಕಿಲೋಮೀಟರ್ ದೂರವೂ ಇದಕ್ಕೆ ದೊಡ್ಡದಲ್ಲ. ಅಂದಮೇಲೆ ದೂರದ ತಕರಾರು ಮುಗಿಯಿತಲ್ಲ? ಮುಗಿಯಿತು. ಆದರೆ ಪೋರ್ಟಿನ ತಕರಾರು ಎಕ್ಸ್‌ಚೇಂಜಿನಿಂದ ಇಳಿದು ಬೀದಿಯ ಕಂಬ ಹತ್ತಿ ಕೂತಿದೆ. ಒಂದು ಎಳೆಯನ್ನು 32 ಅಥವಾ 64 ಮನೆಗೆ ಹಂಚುವುದು ರೂಢಿ. ಹಂಚುವ ಡಬ್ಬಿ ಭರ್ತಿಯಾಯಿತೋ, ಮುಂದಿನ ಮನೆಯವರು ಇನ್ನೊಂದು ಡಬ್ಬಿಗೆ ಕಾಯಬೇಕು. ಡಬ್ಬಿ ಇರುವ ಕಂಬ ದೂರವಿದ್ದರೆ ಅಲ್ಲಿಂದ ಕೇಬಲ್ ಎಳೆಯುವ ಖರ್ಚು ಯಾರದು ಎಂಬ ಚೌಕಾಸಿ ಬೇರೆ.

ಇನ್ನೊಂದು ಮಾತನ್ನು ಅಂಗಡಿಯವರು ಗಮನಿಸಬೇಕು. ಹಳೇ ತಾಮ್ರದ ಫೋನಿಗೆ ಕರೆಂಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ತಂತಿಯ ಮೇಲೆ ಬರುತ್ತಿತ್ತು. ಬೀದಿಯೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಮನೆಯ ಡಬ್ಬಿಗೆ ಮನೆಯ ಕರೆಂಟೇ ಬೇಕು. ಕರೆಂಟು ಹೋದರೆ ಇಂಟರ್ನೆಟ್ಟೂ ಹೋಯಿತು, ಅದರ ಜೊತೆಯ ಲ್ಯಾಂಡ್‌ಲೈನೂ ಹೋಯಿತು. ಡಬ್ಬಿಗೊಂದು ಚಿಕ್ಕ ಯು.ಪಿ.ಎಸ್. ಬೇಕು ಎಂಬುದನ್ನು ಬುಕ್ ಮಾಡುವಾಗ ಎಷ್ಟು ಜನ ಕೇಳಿಸಿಕೊಂಡಿದ್ದಾರೆ?

ಸಂತೇಪೇಟೆಯ ದಿನಸಿ ಅಂಗಡಿಯಿಂದ ಹಿಡಿದು ದೇವರಾಜ ಮಾರುಕಟ್ಟೆಯ ಹೂವಿನವರ ತನಕ ಈಗ ಕ್ಯೂಆರ್ ಚೀಟಿ ಅಂಟಿಸದವರು ಅಪರೂಪ. ಮಕ್ಕಳ ಪಾಠ 2020ರಲ್ಲಿ ಮನೆಗೆ ಬಂದದ್ದು ಪೂರ್ತಿ ವಾಪಸು ಹೋಗಿಲ್ಲ. ಹೂಟಗಳ್ಳಿ, ಹೆಬ್ಬಾಳ ಕಡೆಯ ಕಂಪನಿಗಳಿಗೆ ದುಡಿಯುವವರಲ್ಲಿ ಮನೆಯಿಂದಲೇ ಕೆಲಸ ಮಾಡುವವರೂ ಇದ್ದಾರೆ. ಬಾಡಿಗೆ ಮನೆ ನೋಡಲು ಬಂದವರು ನೀರಿನ ಜೊತೆಗೇ ಇಂಟರ್ನೆಟ್ಟನ್ನೂ ಕೇಳುತ್ತಾರೆ. ಮಾಲೀಕರು "ಬರುತ್ತೆ" ಎಂದು ನಂಬಿಸಿ, ಮುಂಗಡ ಕೈಗೆ ಬಂದ ಮೇಲೆ "ಬರಲ್ವಂತೆ" ಎಂದರೆ ನಷ್ಟ ಯಾರಿಗೆ?

ಒಂದು ಮಾತಿನ ಕೊಕ್ಕೆ

ಕಾನೂನು ಇಲ್ಲವೇ ಎಂದರೆ, ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲೇ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮ ಮಾಡಿತ್ತು. 15 ಕೆಲಸದ ದಿನಗಳಲ್ಲಿ ಸಂಪರ್ಕ ಕೊಡಬೇಕು, ಹಣ ಕಟ್ಟಿಸಿಕೊಂಡು ತಡ ಮಾಡಿದರೆ ದಿನಕ್ಕೆ 10 ರೂಪಾಯಿಯಂತೆ ಮೊದಲ ಬಿಲ್ಲಿನಲ್ಲಿ ಮುರಿದುಕೊಡಬೇಕು ಎಂದಿತ್ತು. ಕೇಳಲು ಚೆಂದ. ಆದರೆ ಜೊತೆಗೇ ಒಂದು ಕೊಕ್ಕೆ: "ತಾಂತ್ರಿಕ ಸಾಧ್ಯತೆಗೆ ಒಳಪಟ್ಟು". ಸಾಧ್ಯವೋ ಇಲ್ಲವೋ ಎಂದು ಹೇಳುವವರು ಯಾರು? ಕಂಪನಿಯವರೇ. ಯಾವಾಗ ಹೇಳುತ್ತಾರೆ? ಅವರಿಗೆ ಬಿಡುವಾದಾಗ. ಪರೀಕ್ಷೆ ಬರೆಯುವವನೇ ಪೇಪರು ತಿದ್ದಿದರೆ ಫೇಲಾಗುವವರು ಉಂಟೇ?

ಹಳೇ ನಿಯಮಗಳ ಜಾಗಕ್ಕೆ 2024ರಲ್ಲಿ ಹೊಸ ನಿಯಮ ಬಂದಿದೆ. ಮೊಬೈಲ್ ಸಿಗ್ನಲ್ ಎಲ್ಲೆಲ್ಲಿ ಇದೆ ಎಂದು ಕಂಪನಿಗಳು ತಮ್ಮ ಜಾಲತಾಣದಲ್ಲಿ ನಕ್ಷೆ ಹಾಕಬೇಕು ಎಂದು ಅದರಲ್ಲಿದೆ. ಒಳ್ಳೆಯದೇ. ಗಾಳಿಯಲ್ಲಿ ಬರುವ, ಕಣ್ಣಿಗೆ ಕಾಣದ ಸಿಗ್ನಲ್ಲಿಗೆ ನಕ್ಷೆ ಬರೆಯಲು ಸಾಧ್ಯವಾದರೆ, ಕಂಬದ ಮೇಲೆ ಕಣ್ಣಿಗೆ ಕಾಣುವಂತೆ ನೇತಾಡುವ ಕೇಬಲ್ಲಿಗೆ ಬೀದಿವಾರು ಪಟ್ಟಿ ಮಾಡಲು ಏನು ಅಡ್ಡಿ?

ಹಳಬರಿಗೆ ಇನ್ನೊಂದು ಕಾಲ ನೆನಪಿದೆ. 1980ರ ದಶಕದಲ್ಲಿ ಮನೆಗೆ ಫೋನು ಬೇಕೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರು 'ಓ.ವೈ.ಟಿ.' ಎಂದು ದೊಡ್ಡ ಮೊತ್ತದ ಠೇವಣಿ ಕಟ್ಟಿ ಮುಂದಿನ ಸಾಲಿಗೆ ಬರುತ್ತಿದ್ದರು. ಆ ಕಾಲವನ್ನು ಯಾರೂ ವಾಪಸು ಕೇಳುವುದಿಲ್ಲ. ಆದರೆ ಆಗ ಕಾಯುವವರ ಪಟ್ಟಿ ಅಂತ ಒಂದಿತ್ತು. ಈಗ ಕಾಯುವವರು ಇದ್ದಾರೆ, ಪಟ್ಟಿ ಇಲ್ಲ.

ಸಿಬ್ಬಂದಿಯ ಕೊರತೆಯೂ ಸುಳ್ಳಲ್ಲ. 2020ರ ಜನವರಿ ಕೊನೆಗೆ ದೇಶಾದ್ಯಂತ ಬಿ.ಎಸ್.ಎನ್.ಎಲ್.ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದು ಹೊರಟರು. ಯಾವ ಬೀದಿಯ ತಂತಿ ಯಾವ ಪೆಟ್ಟಿಗೆಗೆ ಹೋಗುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದ ಲೈನ್‌ಮನ್ನುಗಳು ಅವರೊಳಗೆ ಇದ್ದರು. ಹೋದದ್ದು ಸಂಬಳದ ಖರ್ಚು ಮಾತ್ರವಲ್ಲ, ಊರಿನ ತಂತಿಯ ನೆನಪೂ ಹೋಯಿತು.

ಹಣ ಕಟ್ಟುವ ಮುಂಚೆ

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲು ಅಕ್ಕಪಕ್ಕದ ಮನೆಗೆ ಹೋಗಿ ಯಾರ ಲೈನಿದೆ, ಯಾವ ಕಂಬದಿಂದ ಬಂದಿದೆ ಎಂದು ಕೇಳುವುದು. ಪಿನ್ ಕೋಡಿಗಿಂತ ಪಕ್ಕದ ಮನೆಯ ಫೋನ್ ನಂಬರು ಹೆಚ್ಚು ನಿಜ ಹೇಳುತ್ತದೆ. ಎರಡನೆಯದು, ಹಣ ಕಟ್ಟುವ ಮೊದಲೇ ಸ್ಥಳ ನೋಡಿ ಹೋಗಿ ಎಂದು ಹಟ ಹಿಡಿಯುವುದು, 'ಆಗುತ್ತೆ' ಎಂಬುದನ್ನು ಮೆಸೇಜಿನಲ್ಲಾದರೂ ಬರೆಸಿಕೊಳ್ಳುವುದು. ಮೂರನೆಯದು, ವೇಗ ಎಷ್ಟು ಎಂದು ಕೇಳುವುದು. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳುತ್ತಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ 2 ಮೆಗಾಬಿಟ್ ಆಯಿತು. ಕಾಗದದ ಮೇಲಿನ ಕನಿಷ್ಠವೇ ಮನೆಗೆ ಬಂದರೆ ಮಕ್ಕಳ ಪಾಠ ಮಧ್ಯದಲ್ಲೇ ನಿಲ್ಲುತ್ತದೆ.

ಹಣ ಕಟ್ಟಿ ಮೋಸ ಹೋದೆವು ಅನ್ನಿಸಿದರೆ ಕಂಪನಿಯ ದೂರು ಕೇಂದ್ರದಿಂದ ದೂರಿನ ನಂಬರು ಪಡೆಯಬೇಕು. ಅಲ್ಲಿ ಕೆಲಸ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕ ನ್ಯಾಯಾಲಯಗಳೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಐನೂರು ಸಾವಿರ ರೂಪಾಯಿಗೆ ಕೋರ್ಟಿಗೆ ಯಾರು ಅಲೆಯುತ್ತಾರೆ ಎಂದು ಜನ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯ ಮೇಲೆಯೇ ಈ ವ್ಯವಹಾರ ನಡೆದಿದೆ.

ಬಡಾವಣೆ ಮಾಡುವವರ ಜವಾಬ್ದಾರಿಯೂ ಇದೆ. ನೀರಿನ ಪೈಪು, ಚರಂಡಿ ಹಾಕುವಾಗಲೇ ಕೇಬಲ್ಲಿಗೊಂದು ಕೊಳವೆ ಹೂತರೆ ಎಲ್ಲ ಕಂಪನಿಗಳಿಗೂ ಅದೇ ದಾರಿ. ಇಂಥ ಸಾಮಾನ್ಯ ಕೊಳವೆ ಮಾರ್ಗದ ಮಾತು 2023ರ ದೂರಸಂಪರ್ಕ ಕಾಯ್ದೆಯಲ್ಲೂ ಬಂದಿದೆ. ರಸ್ತೆಗೆ ಡಾಂಬರು ಹಾಕಿದ ಮೇಲೆ ಒಬ್ಬೊಬ್ಬರಾಗಿ ಬಂದು ಅಗೆಯುವುದು, ಅಗೆಯಲು ಆಗದವರು ಕರೆಂಟ್ ಕಂಬಕ್ಕೆ ಕೇಬಲ್ ಸುತ್ತುವುದು, ಎರಡೂ ತಪ್ಪುತ್ತದೆ.

ಜಯಲಕ್ಷ್ಮೀಪುರಂನ ಬಿ.ಎಸ್.ಎನ್.ಎಲ್. ಪ್ರಧಾನ ವ್ಯವಸ್ಥಾಪಕರ ಕಚೇರಿಯಾಗಲಿ, ಖಾಸಗಿ ಕಂಪನಿಗಳ ಊರಿನ ಕಚೇರಿಗಳಾಗಲಿ ಒಂದು ಸಣ್ಣ ಕೆಲಸ ಮಾಡಬಹುದು. ಯಾವ ಬಡಾವಣೆಯ ಯಾವ ಕ್ರಾಸಿಗೆ ಲೈನು ಇದೆ, ಎಷ್ಟು ಪೋರ್ಟು ಖಾಲಿ ಇದೆ ಎಂದು ತಿಂಗಳಿಗೊಮ್ಮೆ ಒಂದು ಪಟ್ಟಿ ಹಾಕಿದರೆ ಸಾಕು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬೋರ್ಡು ಇರುತ್ತದೆ. ಟಿಕೆಟ್ಟು ಹರಿದ ಮೇಲೆ "ಈ ಬಸ್ಸು ನಿಮ್ಮೂರಿಗೆ ಹೋಗಲ್ಲ, ಇಳೀರಿ" ಎನ್ನುವ ಕಂಡಕ್ಟರನ್ನು ಮೈಸೂರಿನ ಪ್ರಯಾಣಿಕರು ಸುಮ್ಮನೆ ಬಿಡುವುದಿಲ್ಲ. ಫೋನಿನವರನ್ನು ಮಾತ್ರ ಏಕೆ ಬಿಟ್ಟಿದ್ದಾರೆ?