ಬೆರಳು ಗಟ್ಟಿಯಾಗಲಿ ಅನ್ನೋ ಮುಂಚೆ ತಂತಿ ಇಳಿಸಿ ನೋಡಿ

ಗಿಟಾರ್ ಕೊಂಡು, ಎರಡು ತಿಂಗಳು ಕ್ಲಾಸಿಗೆ ಹೋಗಿ, ಆಮೇಲೆ ಅದನ್ನು ಬೀರುವಿನ ಮೇಲೆ ಮಲಗಿಸಿದವರು ನಿಮಗೂ ಗೊತ್ತಿರ್ತಾರೆ. ಯಾಕೆ ಬಿಟ್ರಿ ಅಂದರೆ ಒಂದೇ ಉತ್ತರ: "ಬೆರಳು ನೋಯುತ್ತೆ." ಕಲಿಸುವವರನ್ನು ಕೇಳಿದರೆ, "ಬೆರಳು ಗಟ್ಟಿಯಾಗಬೇಕು, ಅಲ್ಲಿವರೆಗೆ ಸಹಿಸ್ಕೊಳ್ಳಿ" ಅಂತಾರೆ.

ಇದು ಅರ್ಧ ಸತ್ಯ. ಶುರುವಿನಲ್ಲಿ ಬೆರಳ ತುದಿ ನೋಯೋದು ಸಹಜವೇ. ಆದರೆ ನನ್ನ ಕೈಗೆ ಬಂದ ಎಷ್ಟೋ ಹೊಸ ಗಿಟಾರುಗಳಲ್ಲಿ ನಿಜವಾದ ತೊಂದರೆ ಇದ್ದದ್ದು ತಂತಿಯ ಎತ್ತರದಲ್ಲಿ. ಗಿಟಾರಿನವರು ಇದನ್ನು 'ಆಕ್ಷನ್' ಅಂತಾರೆ. ಅಂದರೆ ಫ್ರೆಟ್‌ನ ನೆತ್ತಿಯಿಂದ ತಂತಿಯ ಅಡಿಗೆ ಇರುವ ಅಂತರ. ಇದನ್ನು ಅಳೆಯದೆ ಕಲಿಯುವವರಿಗೆ ಸಹನೆಯ ಪಾಠ ಹೇಳೋದು ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ.

ಸ್ನೇಹಿತರೊಬ್ಬರ ಮಗಳ ಎಲೆಕ್ಟ್ರಿಕ್ ಗಿಟಾರ್ ನೋಡಿದೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯದ್ದು. 17ನೇ ಫ್ರೆಟ್ ಹತ್ತಿರ ಸ್ಕೇಲ್ ಇಟ್ಟರೆ ಅಂತರ 3 ಮಿ.ಮೀ. ಇತ್ತು! ಇಂಥ ಗಿಟಾರುಗಳಿಗೆ ಫೆಂಡರ್ ಕಂಪನಿ ಹೇಳುವ ಅಳತೆ ಸುಮಾರು 1.6 ಮಿ.ಮೀ. ಹೆಚ್ಚು ಕಡಿಮೆ ಎರಡರಷ್ಟು ಎತ್ತರದ ತಂತಿಯನ್ನು ಆ ಹುಡುಗಿ ಒಂದು ತಿಂಗಳಿಂದ ಒತ್ತುತ್ತಾ ಇದ್ದಳು. ಮಾರಿದ ಅಂಗಡಿಯವರು ಡಬ್ಬದಿಂದ ತೆಗೆದು ಹಾಗೇ ಕೊಟ್ಟಿದ್ದರು ಅಷ್ಟೇ.

ನೋವಿಗಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದು ಕಿವಿಯದ್ದು. ತಂತಿ ಎತ್ತರ ಇದ್ದಷ್ಟೂ ಒತ್ತುವಾಗ ಅದು ಹೆಚ್ಚು ಎಳೆಯುತ್ತೆ, ಎಳೆದಷ್ಟೂ ಸ್ವರ ಮೇಲೇರುತ್ತೆ. ಬಿಟ್ಟ ತಂತಿ ಟ್ಯೂನರಿನಲ್ಲಿ ಸರಿಯಾಗೇ ಇರುತ್ತೆ, ಒತ್ತಿದ ಕೂಡಲೇ ಅಪಸ್ವರ. ಕಲಿಯುವವರು "ನನಗೆ ಶ್ರುತಿಜ್ಞಾನವೇ ಇಲ್ಲ" ಅಂದುಕೊಂಡು ಬಿಟ್ಟುಬಿಡ್ತಾರೆ. ಇಲ್ಲವೇ ಅದೇ ಅಪಸ್ವರಕ್ಕೆ ಕಿವಿಯನ್ನು ಒಗ್ಗಿಸಿಕೊಳ್ತಾರೆ. ಯಾವುದು ಹೆಚ್ಚು ಕೆಟ್ಟದ್ದೋ ನೀವೇ ಹೇಳಿ.

ಸರಿಪಡಿಸೋದು ಕಷ್ಟವೇ? 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಬಂದಾಗಲೇ ಅದರ ಬ್ರಿಡ್ಜ್ ಮೇಲೆ ಆರು ತಂತಿಗೆ ಆರು ಬೇರೆ ಬೇರೆ ಸ್ಯಾಡಲ್ ಇದ್ದವು. ಒಂದೊಂದಕ್ಕೂ ಎತ್ತರ ಬದಲಿಸಲು ಎರಡು ಪುಟ್ಟ ಸ್ಕ್ರೂ. ಅದಕ್ಕೂ ಮೊದಲಿನ ಟೆಲಿಕ್ಯಾಸ್ಟರಿನಲ್ಲಿ ಎರಡು ತಂತಿಗೆ ಒಂದರಂತೆ ಮೂರೇ ಸ್ಯಾಡಲ್. ಅಂದರೆ ಮಾಡಿದವರು ಬೇಕೆಂದೇ ಈ ಅನುಕೂಲ ಕೊಟ್ಟಿದ್ದಾರೆ. ನಾವು ಮುಟ್ಟೋಕೆ ಹೆದರ್ತೀವಿ.

ಕ್ರಮ ಹೀಗೆ. ಮೊದಲು ನೆಕ್ ನೋಡಬೇಕು. ಅದು ಬಾಗಿದ್ದರೆ ಸ್ಯಾಡಲ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ, ಟ್ರಸ್ ರಾಡ್ ಸರಿಮಾಡಿಸಬೇಕು. ಮೊದಲ ಫ್ರೆಟ್ ಹತ್ತಿರವೇ ತಂತಿ ಎತ್ತರ ಇದ್ದರೆ ತೊಂದರೆ ಇರೋದು ನಟ್‌ನಲ್ಲಿ. ಇವೆರಡೂ ಸರಿಯಿದ್ದರೆ ಗಿಟಾರ್ ಟ್ಯೂನ್ ಮಾಡಿ ಅಳೆಯಿರಿ. ಸಣ್ಣ ಅಲೆನ್ ಕೀ ಹಿಡಿದು ಎರಡೂ ಸ್ಕ್ರೂಗಳನ್ನು ಸಮವಾಗಿ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೆಯಿರಿ, ಪ್ರತಿ ಫ್ರೆಟ್ ಒತ್ತಿ ನುಡಿಸಿ. ತಂತಿ ಜರ್ ಜರ್ ಅಂದರೆ ಜಾಸ್ತಿ ಇಳಿಸಿದ್ದೀರಿ ಅಂತ ಅರ್ಥ, ಸ್ವಲ್ಪ ಏರಿಸಿ. ನಡುವಿನ ನಾಲ್ಕು ತಂತಿಗಳು ಫ್ರೆಟ್‌ಬೋರ್ಡಿನ ಉಬ್ಬಿಗೆ ಹೊಂದಿಕೊಂಡಿರಲಿ. ಕೊನೆಗೆ 12ನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ಲನ್ನು ನೆಕ್‌ನಿಂದ ದೂರಕ್ಕೆ ಸರಿಸಿ.

ಅಕೂಸ್ಟಿಕ್ ಗಿಟಾರಿನಲ್ಲಿ ಸಾಮಾನ್ಯವಾಗಿ ಸ್ಕ್ರೂ ಇರಲ್ಲ, ಇರೋದು ಒಂದೇ ಉದ್ದನೆಯ ಸ್ಯಾಡಲ್. ಅದರ ಅಡಿ ಉಜ್ಜಬೇಕು. 12ನೇ ಫ್ರೆಟ್ ತಂತಿಯ ನಟ್ಟ ನಡುವೆ ಇರೋದರಿಂದ ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. ಉಜ್ಜಿದ್ದು ವಾಪಸ್ ಬರಲ್ಲ, ಹಾಗಾಗಿ ಇದನ್ನು ಗೊತ್ತಿದ್ದವರ ಕೈಗೆ ಕೊಡೋದೇ ಜಾಣತನ.

"ಇದೆಲ್ಲಾ ತಜ್ಞರ ಕೆಲಸ, ನಾವು ನುಡಿಸಿದರೆ ಸಾಕು" ಅನ್ನೋರಿದ್ದಾರೆ. ನಮ್ಮ ಸಂಗೀತದ ರೀತಿ ಹಾಗಿಲ್ಲವಲ್ಲ! ತಂಬೂರಿಯ ಕುದುರೆ ಮೇಲೆ ತಂತಿಯ ಅಡಿಗೆ ನೂಲಿನ ಎಳೆ ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಾದ ಹುಡುಕೋದು ಹಾಡುಗಾರರ ದಿನನಿತ್ಯದ ಕೆಲಸ. ವೀಣೆಯ ಮೇಣ ಸಡಿಲಾದರೆ ಮೆಟ್ಟಿಲುಗಳನ್ನು ಮತ್ತೆ ಕೂರಿಸ್ತಾರೆ. ವಾದ್ಯ ಅಂದರೆ ಆಗಾಗ ಸರಿಮಾಡಿಕೊಳ್ಳಬೇಕಾದ್ದು ಅನ್ನೋದು ನಮಗೆ ಹೊಸದಲ್ಲ. ಗಿಟಾರ್ ವಿಷಯದಲ್ಲಿ ಮಾತ್ರ ಮಿಕ್ಸಿ ಕೊಂಡ ಹಾಗೆ ತಂದು ಇಟ್ಟುಬಿಡ್ತೀವಿ.

ಹಾಗಂತ ತಂತಿ ಇಳಿದಷ್ಟೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಜೋರಾಗಿ ಸ್ಟ್ರಮ್ ಮಾಡೋರಿಗೆ, ಸ್ಲೈಡ್ ನುಡಿಸೋರಿಗೆ ಎತ್ತರ ಬೇಕು. ಆದರೆ ಅದು ಅವರೇ ಆರಿಸಿಕೊಂಡದ್ದು. ಮೊನ್ನೆ ಮೊನ್ನೆ ಶುರು ಮಾಡಿದ ಮಗುವಿಗೆ ಆ ಆಯ್ಕೆ ಎಲ್ಲಿದೆ?

ಅಂಗಡಿಯವರು ಅಳೆದು ಸರಿಮಾಡಿ ಮಾರಲಿ. ಕಲಿಸುವವರು ಮೊದಲ ಪಾಠಕ್ಕೆ ಮುಂಚೆ ಶಿಷ್ಯರ ಗಿಟಾರನ್ನು ಒಮ್ಮೆ ತಾವೇ ನುಡಿಸಿ ನೋಡಲಿ, ಐದು ನಿಮಿಷದ ಮಾತು. ಇನ್ನು ನಿಮ್ಮ ಮನೆಯ ಬೀರುವಿನ ಮೇಲೂ ಒಂದು ಗಿಟಾರ್ ಮಲಗಿದ್ದರೆ, ಮಾರೋ ಮುಂಚೆ ಒಂದು ಸ್ಕೇಲ್ ತಗೊಂಡು ಅಳೆದು ನೋಡಿ. ಎಷ್ಟು ಮಿ.ಮೀ. ಬಂತು ಅಂತ ನನಗೂ ತಿಳಿಸ್ತೀರಲ್ಲ?